ಎಲೆಕ್ಟ್ರಾನಿನ ಸೆಳೆತವನ್ನು ನಾನು ಕಲಿಸುವ ಬಗೆ

ಪರಮಾಣುಗಳು ಎಲೆಕ್ಟ್ರಾನುಗಳನ್ನು ಪಡೆಯುವ ಪಾಠವನ್ನು ನಾನು ‘ಕ್ಲೋರಿನ್‌ಗೆ ಹೊರಕವಚದಲ್ಲಿ ಎಂಟು ಎಲೆಕ್ಟ್ರಾನುಗಳು ಬೇಕು’ ಎಂಬ ಮಾತಿನಿಂದ ಆರಂಭಿಸುವುದಿಲ್ಲ. ಪರಮಾಣುವಿಗೆ ಬೇಕು ಬೇಡಗಳಿಲ್ಲ; ಇರುವುದು ನ್ಯೂಕ್ಲಿಯಸ್ಸಿನ ಧನಾವೇಶಕ್ಕೂ ಎಲೆಕ್ಟ್ರಾನಿನ ಋಣಾವೇಶಕ್ಕೂ ನಡುವಿನ ಆಕರ್ಷಣೆ ಮತ್ತು ಎಲೆಕ್ಟ್ರಾನುಗಳು ಒಂದನ್ನೊಂದು ದೂರ ತಳ್ಳುವ ವಿಕರ್ಷಣೆ. ಎಂಟರ ನಿಯಮ ಈ ಎಳೆದಾಟದ ಫಲವೇ ಹೊರತು ಕಾರಣವಲ್ಲ.

ಆದ್ದರಿಂದ ಮೊದಲು ಪ್ರಯೋಗವನ್ನೇ ಮಾಡಿ ತೋರಿಸುತ್ತೇನೆ. ಪ್ರನಾಳದಲ್ಲಿ ಬಣ್ಣವಿಲ್ಲದ ಪೊಟ್ಯಾಸಿಯಂ ಅಯೋಡೈಡ್ ದ್ರಾವಣವನ್ನು ತೆಗೆದುಕೊಂಡು, ಗಾಳಿಯಾಡುವ ಜಾಗದಲ್ಲಿ ಅದಕ್ಕೆ ಕ್ಲೋರಿನ್ ನೀರನ್ನು ಹನಿಹನಿಯಾಗಿ ಸೇರಿಸಿದಾಗ, ದ್ರಾವಣ ಹಳದಿಯಾಗಿ ಬರಬರುತ್ತಾ ಕಂದು ಬಣ್ಣಕ್ಕೆ ತಿರುಗುತ್ತದೆ. ಅದಕ್ಕೆ ಒಂದೆರಡು ಹನಿ ಪಿಷ್ಟದ ದ್ರಾವಣ ಹಾಕಿದರೆ ಕಡುನೀಲಿಯಾಗುತ್ತದೆ. ಅಯೋಡೈಡ್ ಅಯಾನಿನ, ಅಂದರೆ ಒಂದು ಎಲೆಕ್ಟ್ರಾನು ಹೆಚ್ಚಿರುವ ಅಯೋಡಿನ್ ಪರಮಾಣುವಿನ, ಬಳಿಯಿದ್ದ ಎಲೆಕ್ಟ್ರಾನು ಕ್ಲೋರಿನ್ ಪಾಲಾಗಿ, ಅಯೋಡಿನ್ ಬಿಡುಗಡೆಯಾಗಿರುವುದಕ್ಕೆ ಈ ಬಣ್ಣವೇ ಸಾಕ್ಷಿ. ಕ್ಲೋರಿನ್ ನೀರು ಮಿತಿಮೀರಿದರೆ ಅಯೋಡಿನ್ ಅಯೋಡೇಟ್ ಆಗಿ ಬಣ್ಣ ಮತ್ತೆ ಮಾಯವಾಗುವುದರಿಂದ ಕೈ ಹಿಡಿದು ಹಾಕಬೇಕು.

ಕ್ಲೋರಿನ್ ಹೀಗೆ ಅಯೋಡೈಡಿನ ಎಲೆಕ್ಟ್ರಾನನ್ನು ಸೆಳೆದುಕೊಳ್ಳುವುದಕ್ಕೆ ಒಂದು ಮುಖ್ಯ ಕಾರಣ ದೂರ. ಕ್ಲೋರಿನ್‌ನ ಹೊರ ಎಲೆಕ್ಟ್ರಾನುಗಳು ಮೂರನೆಯ ಕವಚದಲ್ಲಿವೆ, ಅಯೋಡಿನ್‌ನವು ಐದನೆಯದರಲ್ಲಿ. ಕವಚ ದೂರವಾದಷ್ಟೂ ಒಳಗಿನ ಎಲೆಕ್ಟ್ರಾನುಗಳ ಮರೆ ಹೆಚ್ಚಿ ನ್ಯೂಕ್ಲಿಯಸ್ಸಿನ ಹಿಡಿತ ಸಡಿಲವಾಗುತ್ತದೆ.

ಹಾಗಾದರೆ ಎರಡನೆಯ ಕವಚದ ಫ್ಲೋರಿನ್ ಎಲೆಕ್ಟ್ರಾನನ್ನು ಪಡೆಯುವಾಗ ಕ್ಲೋರಿನ್‌ಗಿಂತ ಇನ್ನೂ ಹೆಚ್ಚು ಶಕ್ತಿ ಬಿಡುಗಡೆ ಮಾಡಬೇಕಲ್ಲವೇ ಎಂದು ಯಾರಾದರೂ ಕೇಳಿದರೆ ನನಗೆ ಬಹಳ ಸಂತೋಷವಾಗುತ್ತದೆ. ಅನಿಲ ಸ್ಥಿತಿಯ ಒಂದು ಮೋಲ್ (ಪರಮಾಣುಗಳನ್ನು ಎಣಿಸಲು ಬಳಸುವ ನಿಗದಿತ ದೊಡ್ಡ ಸಂಖ್ಯೆ) ಪರಮಾಣುಗಳು ತಲಾ ಒಂದು ಎಲೆಕ್ಟ್ರಾನನ್ನು ಪಡೆದಾಗ ಕ್ಲೋರಿನ್ ಸುಮಾರು 349 ಕಿಲೋಜೂಲ್ ಬಿಡುಗಡೆ ಮಾಡಿದರೆ, ಫ್ಲೋರಿನ್ ಬಿಡುಗಡೆ ಮಾಡುವುದು ಸುಮಾರು 328 ಮಾತ್ರ. ಫ್ಲೋರಿನ್ ಪರಮಾಣು ಎಷ್ಟು ಚಿಕ್ಕದೆಂದರೆ, ಒಳಬರುವ ಎಲೆಕ್ಟ್ರಾನನ್ನು ಅಲ್ಲಿ ಈಗಾಗಲೇ ಒತ್ತೊತ್ತಾಗಿರುವ ಎಲೆಕ್ಟ್ರಾನುಗಳು ಬಲವಾಗಿ ವಿಕರ್ಷಿಸುತ್ತವೆ. ಆದರೂ ಬಂಧದಲ್ಲಿ ಹಂಚಿಕೆಯಾದ ಎಲೆಕ್ಟ್ರಾನುಗಳನ್ನು ತನ್ನತ್ತ ಸೆಳೆಯುವುದರಲ್ಲಿ ಫ್ಲೋರಿನ್ನೇ ಮೊದಲನೆಯದು: ಈ ಸೆಳೆತವನ್ನು ಅಳೆಯುವ ಪಾಲಿಂಗ್ ಮಾನದಲ್ಲಿ ಅದರದು 3.98, ಕ್ಲೋರಿನ್‌ನದು 3.16. ಈ ಎರಡು ಗುಣಗಳನ್ನು ಬೇರೆಬೇರೆಯಾಗಿಯೇ ಹೇಳಿಕೊಡಬೇಕು.

ಕೊನೆಗೆ, ಕ್ಲೋರಿನ್ ಜೊತೆ ಸೇರಿ ಅಡುಗೆ ಉಪ್ಪಾಗುವ ಸೋಡಿಯಂನ ಲೆಕ್ಕವನ್ನು ಬರೆಯುತ್ತೇನೆ. ಅದರಿಂದ ಎಲೆಕ್ಟ್ರಾನನ್ನು ಬಿಡಿಸಲು ಮೋಲ್‌ಗೆ 496 ಕಿಲೋಜೂಲ್ ಬೇಕು. ಕ್ಲೋರಿನ್ ಕೊಡುವುದು 349. ಉಳಿದ 147ರ ಕೊರತೆಯನ್ನು ತುಂಬುವುದು, ಎರಡೂ ಅಯಾನುಗಳು ಹರಳಾಗಿ ಜೋಡಣೆಗೊಳ್ಳುವಾಗ ಹೊರಬೀಳುವ ಸುಮಾರು 787 ಕಿಲೋಜೂಲ್ ಶಕ್ತಿ.