ಯೊಸೆಮಿಟಿಯಲ್ಲಿ ಮನೆಮಂದಿಯ ಕ್ಯಾಂಪಿಂಗ್: ಮೊದಲು ಕರಡಿ ಪೆಟ್ಟಿಗೆಯ ಅಳತೆ ತಿಳಿಯಿರಿ

ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿರುವ ಕನ್ನಡದ ಕುಟುಂಬಗಳು ಯೊಸೆಮಿಟಿ ರಾಷ್ಟ್ರೀಯ ಉದ್ಯಾನದಲ್ಲಿ ಎರಡು ರಾತ್ರಿ ಕಳೆಯಲು ಹೊರಟಾಗ ಮೊದಲು ಟೆಂಟು, ಟಾರ್ಚು, ಮಲಗುವ ಚೀಲಗಳ ಪಟ್ಟಿ ಮಾಡುತ್ತವೆ. ಅದರಲ್ಲಿ ಒಂದೆರಡು ಮರೆತರೂ ಹೇಗೋ ನಡೆಯುತ್ತದೆ. ತಿಂಡಿ ಸಾಮಾನು ಎಲ್ಲಿಡುವುದೆಂದು ಮೊದಲೇ ಲೆಕ್ಕ ಹಾಕದಿದ್ದರೆ ನಡೆಯುವುದಿಲ್ಲ.

ಯೊಸೆಮಿಟಿ ಕಣಿವೆಯ ಅಪ್ಪರ್ ಪೈನ್ಸ್, ಲೋವರ್ ಪೈನ್ಸ್‌ ಎಂಬ ಕ್ಯಾಂಪ್ ಮೈದಾನಗಳಲ್ಲಿ ಟೆಂಟು ಹಾಕುವ ಜಾಗಗಳನ್ನು ರಿಕ್ರಿಯೇಶನ್ ಡಾಟ್ ಗವ್ ಎಂಬ ಬುಕಿಂಗ್ ತಾಣದಲ್ಲಿ ಐದು ತಿಂಗಳ ಮುಂಚೆ, ಪ್ರತಿ ತಿಂಗಳ 15ರ ಬೆಳಿಗ್ಗೆ 7 ಗಂಟೆಗೆ ಬಿಡುಗಡೆ ಮಾಡುತ್ತಾರೆ. ಜುಲೈ 15ರಿಂದ ಆಗಸ್ಟ್ 14ರ ನಡುವೆ ಹೋಗಬೇಕೆಂದರೆ ಫೆಬ್ರವರಿ 15ರಂದು 7ಕ್ಕಿಂತ ಮೊದಲೇ ಲಾಗಿನ್ ಆಗಿ ಕಾದಿರಬೇಕು. ಜಾಗಗಳು ನಿಮಿಷಗಳಲ್ಲಿ ಮುಗಿದುಹೋಗುತ್ತವೆ. ಅಂದು ಸಿಗದವರು ರದ್ದಾದ ಬುಕಿಂಗ್‌ಗಳಿಗಾಗಿ ಆಗಾಗ ತಾಣವನ್ನು ನೋಡುತ್ತಿರಬಹುದು. ಒಂದು ಜಾಗಕ್ಕೆ ಮಕ್ಕಳೂ ಸೇರಿ ಆರೇ ಜನ. ಊರಿಂದ ಬಂದ ಅಜ್ಜ ಅಜ್ಜಿಯರನ್ನು ಕರೆದುಕೊಂಡು ಎರಡು ಮನೆಯವರು ಹೊರಟರೆ ಎರಡು ಜಾಗ ಬೇಕಾಗುತ್ತದೆ.

ಪ್ರತಿ ಜಾಗದಲ್ಲೂ ಆಹಾರ ಕರಡಿಗಳ ಕೈಗೆ ಸಿಗದಂತೆ ಇಡಲು ಕಬ್ಬಿಣದ ಪೆಟ್ಟಿಗೆಯೊಂದಿರುತ್ತದೆ, ಅದೇ ಕರಡಿ ಪೆಟ್ಟಿಗೆ. ಅದರ ಅಗಲ 45 ಇಂಚು, ಆಳ 33 ಇಂಚು, ಎತ್ತರ 18 ಇಂಚು. ಈ ಕೊನೆಯ ಅಂಕಿಯನ್ನು ಬರೆದಿಟ್ಟುಕೊಳ್ಳಿ. ನಮ್ಮ ಮೊದಲ ಪ್ರವಾಸದಲ್ಲಿ ಐಸ್ ಪೆಟ್ಟಿಗೆ 20 ಇಂಚು ಎತ್ತರವಿದ್ದುದರಿಂದ ಅದನ್ನು ಒಳಗಿಡಲಾಗದೆ, ಕತ್ತಲಾಗುವ ಹೊತ್ತಿಗೆ ಹಾಲು, ಮೊಸರು, ದೋಸೆ ಹಿಟ್ಟುಗಳನ್ನೆಲ್ಲ ಚೀಲಗಳಿಗೆ ಸುರಿದುಕೊಂಡು ಒದ್ದಾಡಬೇಕಾಯಿತು. ಕರಡಿಗೆ ಪುಳಿಯೋಗರೆ ಗೊಜ್ಜು, ಟೂತ್‌ಪೇಸ್ಟ್, ಸೋಪು, ಮಗುವಿನ ಒರೆಸುವ ಬಟ್ಟೆ ಎಲ್ಲವೂ ವಾಸನೆಯೇ ಆದ್ದರಿಂದ ಇವೆಲ್ಲ ಪೆಟ್ಟಿಗೆಯೊಳಗಿರಬೇಕು, ಬಾಗಿಲಿನ ಚಿಲಕವನ್ನು ಹಗಲಲ್ಲೂ ಹಾಕಿರಬೇಕು. ಕತ್ತಲಾದ ಮೇಲೆ ಕಾರಿನಲ್ಲಿ ಆಹಾರ ಇಡುವಂತಿಲ್ಲ, ಏಕೆಂದರೆ ಅಲ್ಲಿನ ಕಪ್ಪು ಕರಡಿಗಳು ಕಾರಿನ ಬಾಗಿಲನ್ನು ಮೇಲ್ತುದಿಯಿಂದ ಹಿಡಿದು ಬಗ್ಗಿಸಬಲ್ಲವು. ಮಗುವಿನ ಸೀಟಿನ ಸಂದಿಗಳಲ್ಲಿ ಬಿದ್ದ ಚಕ್ಕುಲಿ ಚೂರುಗಳನ್ನು ಸಂಜೆಯೇ ತೆಗೆದುಹಾಕುವುದು ಇದೇ ಕಾರಣಕ್ಕೆ.

ಅಡುಗೆಯನ್ನು ಈ ಪೆಟ್ಟಿಗೆಗೆ ತಕ್ಕಂತೆ ಕಡಿಮೆ ಮಾಡಿಕೊಳ್ಳುವುದು ಜಾಣತನ. ಮನೆಯಲ್ಲೇ ಒಗ್ಗರಣೆ ಕೊಟ್ಟು ತಂದ ಅವಲಕ್ಕಿ, ಹುರಿದ ರವೆ, ಗೊಜ್ಜು, ಚಪಾತಿ ಇದ್ದರೆ ಪ್ರೊಪೇನ್ ಒಲೆಯ ಮೇಲೆ ಅನ್ನ ಮಾಡಿದರಾಯಿತು. ಕಣಿವೆ ಸುಮಾರು 4,000 ಅಡಿ ಎತ್ತರದಲ್ಲಿರುವುದರಿಂದ ಅನ್ನಕ್ಕೆ ತೊಂದರೆಯಿಲ್ಲ. ಆದರೆ ಉದ್ಯಾನದ ಇನ್ನೊಂದು ಕ್ಯಾಂಪ್ ಮೈದಾನವಿರುವ ಟುವಾಲಮಿ ಮೆಡೋಸ್ 8,600 ಅಡಿ ಎತ್ತರದಲ್ಲಿದ್ದು, ಅಲ್ಲಿ ನೀರು ಸುಮಾರು 91 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುವುದರಿಂದ ಕುಕ್ಕರ್ ಇಲ್ಲದೆ ತೊಗರಿಬೇಳೆ ಬೇಯುವ ಆಸೆ ಬಿಡಬೇಕು. ಕುಕ್ಕರ್ ಒಯ್ದವರು ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಸದ್ದು ಮಾಡಬಾರದೆಂಬ ನಿಯಮವನ್ನು ನೆನಪಿಡಬೇಕು: ಐದೂವರೆಗೆ ಕೂಗುವ ಸೀಟಿಗೆ ಅಕ್ಕಪಕ್ಕದ ಟೆಂಟುಗಳೆಲ್ಲ ಎಚ್ಚರಗೊಳ್ಳುತ್ತವೆ. ಪಾತ್ರೆಗಳನ್ನು ನಲ್ಲಿಯಡಿ ತೊಳೆಯದೆ, ಬಕೆಟ್ಟಿನಲ್ಲಿ ನೀರು ತಂದು ತೊಳೆಯಬೇಕು.

ಸೌದೆಯನ್ನು ಮನೆಯಿಂದ ಒಯ್ಯಬೇಡಿ. ಅದರೊಡನೆ ಮರಗಳನ್ನು ಹಾಳುಮಾಡುವ ಹುಳುಗಳೂ ಕಾಡಿಗೆ ಹೋಗುತ್ತವೆ. ಕಣಿವೆಯಲ್ಲಿ ಕಟ್ಟಿಗೆ ಆರಿಸುವುದೂ ನಿಷಿದ್ಧವಾದ್ದರಿಂದ ಅಲ್ಲಿಯೇ ಕೊಂಡುಕೊಳ್ಳಬೇಕು. ಬೇಸಿಗೆಯಲ್ಲಿ ಬೆಂಕಿ ಹಾಕಲು ಅವಕಾಶವಿರುವುದು ಸಂಜೆ 5ರಿಂದ 10ರವರೆಗೆ ಮಾತ್ರ. ಹಗಲು ಬೆವರಿಳಿಸಿದ ಮಕ್ಕಳಿಗೂ ರಾತ್ರಿ ಸ್ವೆಟರ್, ಕಾಲುಚೀಲ ಬೇಕೇ ಬೇಕು.

ಹೊರಡುವ ದಿನ ಮಧ್ಯಾಹ್ನ 12ರೊಳಗೆ ಜಾಗ ತೆರವು ಮಾಡಬೇಕು. ಟೆಂಟು ಮಡಚಿದ ಮೇಲೆ ಕೊನೆಯದಾಗಿ ಮಂಡಿಯೂರಿ, ಕರಡಿ ಪೆಟ್ಟಿಗೆಯ ಹಿಂದಿನ ಕತ್ತಲೆ ಮೂಲೆಗೆ ಕೈಹಾಕಿ ತಡವಿ ನೋಡಿ. ನಮ್ಮ ಮಾವಿನಕಾಯಿ ಉಪ್ಪಿನಕಾಯಿಯ ಬಾಟಲಿ ಉಳಿದುಹೋದದ್ದು ಅಲ್ಲಿಯೇ.