ಮನೆ ತೆರಿಗೆ: ಹಿರಿಯರು ಏಪ್ರಿಲ್‌ನಲ್ಲೇ ಕಟ್ಟಿಬಿಡಿ

ಶಿರಸಿ, ಕಾರವಾರ ಪೇಟೆಯಲ್ಲಿ ಸ್ವಂತ ಮನೆ ಇರುವ ಹಿರಿಯರಿಗೆ ಒಂದು ಮಾತು. ವರ್ಷದ ಮನೆ ತೆರಿಗೆಯನ್ನು ಏಪ್ರಿಲ್ 30ರೊಳಗೆ ಪೂರ್ತಿ ಕಟ್ಟಿದರೆ ಶೇ 5 ರಿಯಾಯಿತಿ ಇದೆ. ಮೇ, ಜೂನ್‌ನಲ್ಲಿ ರಿಯಾಯಿತಿಯೂ ಇಲ್ಲ, ದಂಡವೂ ಇಲ್ಲ. ಜುಲೈನಿಂದ ತಿಂಗಳಿಗೆ ಶೇ 2 ದಂಡ. ಪಿಂಚಣಿ ನಂಬಿಕೊಂಡವರಿಗೆ ಅದು ಸಣ್ಣ ಮೊತ್ತ ಅಲ್ಲ, ಅಲ್ವಾ?

ಜಾಸ್ತಿ ಜನ ಗಮನಿಸದ ಇನ್ನೊಂದು ವಿಷಯ ಇದೆ. ಕಟ್ಟಡದ ವಯಸ್ಸು ನೋಡಿ ಸವಕಳಿ (ಹಳೆಯದಾದಂತೆ ಇಳಿಯುವ ಬೆಲೆ) ಕಳೆದೇ ತೆರಿಗೆ ಲೆಕ್ಕ ಹಾಕುತ್ತಾರೆ. ಹಾಗಾಗಿ ತೆರಿಗೆಗಾಗಿ ನಾವೇ ಮನೆಯ ವಿವರ ತುಂಬಿಕೊಡುವ ಘೋಷಣೆ ಫಾರ್ಮಿನಲ್ಲಿ ಮನೆ ಕಟ್ಟಿದ ವರ್ಷ ಸರಿ ಇದೆಯಾ ನೋಡಿ. ಮನೆ ಯಾವ ಬಗೆಯದು ಅನ್ನುವುದನ್ನೂ ನೋಡಿ. ಅಮ್ಮನ ಹಂಚಿನ ಮನೆಯನ್ನು ನಾವು ಅವಸರದಲ್ಲಿ ಆರ್‌ಸಿಸಿ (ಕಾಂಕ್ರೀಟ್ ಮನೆ) ಅಂತ ತುಂಬಿದ್ದೆವು. ತಿದ್ದಿದ ಮೇಲೆ ತೆರಿಗೆ ಇಳಿಯಿತು. ಸ್ವಂತ ವಾಸವೋ ಬಾಡಿಗೆಯೋ ಎನ್ನುವುದನ್ನೂ ಸರಿಯಾಗಿ ಬರೆಯಿರಿ. ಬೆಂಗಳೂರಲ್ಲಿರುವ ಮಕ್ಕಳು ನೋಡಿಕೊಳ್ಳುತ್ತಾರೆ ಅಂತ ಸುಮ್ನೆ ಬಿಡಬೇಡಿ. ರಸೀದಿಗಳನ್ನೆಲ್ಲ ಒಂದೇ ಕಡೆ ಇಟ್ಟುಕೊಳ್ಳಿ.