ಅರಸನ ಹಠಾತ್ ಸಾವಿಗೆ ಮೊದಲೇ ಮಾಡಿಕೊಳ್ಳಬೇಕಾದ ಸಿದ್ಧತೆ

ಮಧ್ಯಯುಗದ ರಾಜಮನೆತನವೊಂದನ್ನು ಅರಸನ ನಂತರ ಅವನ ಉತ್ತರಾಧಿಕಾರಿಯಾಗಿ, ಹೀಗೆ ತಲೆಮಾರುಗಳವರೆಗೆ ನಡೆಸುವ ಕಂಪ್ಯೂಟರ್ ಆಟವಾದ ಕ್ರುಸೇಡರ್ ಕಿಂಗ್ಸ್ 3 ಅನ್ನು 1066ನೇ ಇಸವಿಯಿಂದ ಆರಂಭಿಸಿ ಕಲ್ಯಾಣದ ಚಾಲುಕ್ಯರನ್ನು ಆಯ್ದುಕೊಳ್ಳುವವರಿಗೆ ಒಂದು ಸಲಹೆ. ಆಟ ತಲೆಕೆಳಗಾಗುವುದು ಹೆಚ್ಚಾಗಿ ಶತ್ರುವಿನ ದಂಡಯಾತ್ರೆಯಿಂದಲ್ಲ, ನಮ್ಮದೇ ಅರಸನ ಅನಿರೀಕ್ಷಿತ ಸಾವಿನಿಂದ. ಆರಂಭದ ಉತ್ತರಾಧಿಕಾರ ಕಾನೂನು ನೆಲವನ್ನು ಮಕ್ಕಳಲ್ಲಿ ಹಂಚುತ್ತದೆ. ಇನ್ನೊಂದು ರಾಜಪದವಿಗೆ ಸಾಕಾಗುವಷ್ಟು ಪ್ರದೇಶವನ್ನು ನೀವು ಗೆದ್ದಿದ್ದರೆ, ಆ ಪದವಿಯನ್ನು ಆಟವೇ ಸೃಷ್ಟಿಸಿ ಕಿರಿಯ ಮಗನಿಗೆ ಕೊಟ್ಟು ಅವನನ್ನು ಸ್ವತಂತ್ರನನ್ನಾಗಿಸುತ್ತದೆ. ಆದ್ದರಿಂದ ಅರಸನಿಗೆ ಐವತ್ತು ದಾಟಿದ ಮೇಲೆ ಹೊಸ ಯುದ್ಧಕ್ಕೆ ಇಳಿಯುವ ಮುನ್ನ ಉತ್ತರಾಧಿಕಾರದ ಪುಟವನ್ನು ತೆರೆದು, ಯಾರಿಗೆ ಯಾವ ಸೀಮೆ ಹೋಗುತ್ತದೆಂದು ನೋಡಿಕೊಳ್ಳಿ.

ಬೊಕ್ಕಸವನ್ನು ಬರಿದು ಮಾಡಬೇಡಿ. ಹಣವೂ ಕಾಯಂ ಸೈನಿಕ ಪಡೆಗಳೂ ಮುಖ್ಯ ಉತ್ತರಾಧಿಕಾರಿಗೇ ಸೇರುತ್ತವೆ; ಪಟ್ಟವೇರಿದ ಹೊಸತರಲ್ಲಿ ಸಾಮಂತರ ಒಲವು ಕುಸಿದು ಬಂಡಾಯದ ಕೂಟಗಳು ತಲೆಯೆತ್ತುವಾಗ, ಪ್ರಬಲ ಸಾಮಂತರಿಗೆ ಉಡುಗೊರೆ ಕಳುಹಿಸಲು ಆ ಹಣವೇ ಆಸರೆ. ತಂದೆಯ ಮೈತ್ರಿಗಳು ಅವನೊಂದಿಗೇ ಮುಗಿಯಬಹುದಾದ್ದರಿಂದ ಉತ್ತರಾಧಿಕಾರಿಯ ವಿವಾಹವನ್ನು ಬಲಿಷ್ಠ ಮನೆತನದೊಡನೆ ಮೊದಲೇ ನಿಶ್ಚಯಿಸಿಡುವುದನ್ನು ನಾನು ಎಲ್ಲಕ್ಕಿಂತ ಮುಖ್ಯವೆಂದು ಭಾವಿಸುತ್ತೇನೆ.

ಇತಿಹಾಸದಲ್ಲಿಯೂ ಇದೇ ನಡೆಯಿತು: ಚಾಲುಕ್ಯ ಅರಸ ಆಹವಮಲ್ಲ ಸೋಮೇಶ್ವರನು 1068ರಲ್ಲಿ ತುಂಗಭದ್ರೆಯಲ್ಲಿ ಮುಳುಗಿ ಪ್ರಾಣಬಿಟ್ಟ ಬಳಿಕ ಹಿರಿಯ ಮಗ ಇಮ್ಮಡಿ ಸೋಮೇಶ್ವರನಿಗೆ ಪಟ್ಟವಾಯಿತು, 1076ರಲ್ಲಿ ತಮ್ಮನಾದ ವಿಕ್ರಮಾದಿತ್ಯನು ಅವನನ್ನು ಪದಚ್ಯುತಗೊಳಿಸಿ ಸಿಂಹಾಸನವೇರಿದನು. ಆಟದಲ್ಲಿ ಇದೇ ಸಹೋದರರನ್ನು ಆಡುವಾಗ ಕಿರಿಯನನ್ನು ಆಸ್ಥಾನದ ಮಂಡಲಿಯಲ್ಲಿ ಕೂರಿಸಿ, ಅವನ ಒಲವನ್ನು ಆಗಾಗ ಗಮನಿಸುತ್ತಿರಿ.